ಗಾಡಿ ಮಾತು – 6: ಕಾಣದ ಆರು ನಟ್

ಅಮೆರಿಕದ ಫೋರ್ಡ್ ಎಫ್-150 ಲೈಟ್ನಿಂಗ್ ಗೊತ್ತಲ್ಲ, ಆ ಎಲೆಕ್ಟ್ರಿಕ್ ಪಿಕಪ್? ಅದಕ್ಕೆ ವೀಲ್ ಸ್ಪೇಸರ್ ಹಾಕಿ ಟೈರು ಹೊರಗೆ ತಂದಿರೋ ರೀಲ್ ಕಂಡ್ರೆ ಸಾಕು, ನೀವೆಲ್ಲ ಬೆಂಕಿ ಇಮೋಜಿ ಸುರಿಸ್ತೀರ. ಲುಕ್ ಸೂಪರ್, ಒಪ್ತೀನಿ. ಆದ್ರೂ ಬರೀ ಲುಕ್‌ಗೋಸ್ಕರ ಇದು ಬೇಡ ಅನ್ನೋದೇ ನನ್ನ ಮಾತು.

ತುಂಬಿದ ಕೊಡ ಸೊಂಟದ ಮೇಲಿದ್ರೆ ನಡೀಬಹುದು. ಅದನ್ನೇ ಕೈ ಚಾಚಿ ಹಿಡಿದು ನೋಡಿ! ಚಕ್ರ 38 ಮಿ.ಮೀ. ಹೊರಗೆ ಸರಿದ್ರೆ ಬೇರಿಂಗ್ ಪಾಡೂ ಅಷ್ಟೇ. ಬ್ಯಾಟರಿ ಹೊತ್ತ ಈ ಗಾಡಿ ಹತ್ತಿರ ಹತ್ತಿರ 3 ಟನ್. 1,050 ನ್ಯೂಟನ್ ಮೀಟರ್ ಟಾರ್ಕ್, ಅದೂ ಕಾಲಿಟ್ಟ ತಕ್ಷಣ.

ಇನ್ನೊಂದು ವಿಷ್ಯ ರೀಲ್‌ನಲ್ಲಿ ಕಾಣಲ್ಲ. ಬೋಲ್ಟ್ ಮಾಡೋ ಸ್ಪೇಸರ್ ಹಾಕಿದ್ರೆ ಪ್ರತಿ ಚಕ್ರಕ್ಕೆ 6ರ ಬದಲು 12 ನಟ್. ಒಳಗಿನ ಆರು ಚಕ್ರದ ಹಿಂದೆ ಅಡಗಿರುತ್ತೆ. ಚಕ್ರ ಬಿಚ್ಚಿ ಹಾಕಿದ್ರೆ ನಟ್ 204 ನ್ಯೂಟನ್ ಮೀಟರ್‌ಗೆ ಬಿಗಿದು, 160 ಕಿ.ಮೀ. ಒಳಗೆ ಮತ್ತೆ ಚೆಕ್ ಮಾಡಿ ಅನ್ನುತ್ತೆ ಫೋರ್ಡ್. ಒಳಗಿನ ಆರನ್ನ ಚೆಕ್ ಮಾಡೋಕೆ ನಾಲ್ಕೂ ಚಕ್ರ ಮತ್ತೆ ಬಿಚ್ಚಬೇಕು. ಎಷ್ಟು ಜನ ಬಿಚ್ತಾರೆ ಹೇಳಿ?

ಅಗಲ ಬೇಕೇ ಬೇಕಾ? ಸರಿಯಾದ ಆಫ್‌ಸೆಟ್ ಇರೋ ವೀಲ್ ತಗೊಳ್ಳಿ. ಬೇರಿಂಗ್ ಮೇಲಿನ ಭಾರ ತಪ್ಪಲ್ಲ, ನಿಜ. ಆದ್ರೆ ಕಾಣದ ನಟ್ ಇರಲ್ಲ. ಸ್ಪೇಸರೇ ಹಾಕ್ತೀನಿ ಅಂದ್ರೆ, ಹಬ್‌ಗೆ ಕರೆಕ್ಟಾಗಿ ಕೂರೋದನ್ನೇ ಹಾಕಿ, ಟಾರ್ಕ್ ರೆಂಚ್ ಹಿಡೀರಿ, ಆ ಎರಡನೇ ಚೆಕ್ ತಪ್ಪಿಸಬೇಡಿ.

ಸ್ಟೈಲ್ ನಿಮ್ದು, ದುಡ್ಡೂ ನಿಮ್ದು. ಆದ್ರೆ ಕಳಚಿದ ಚಕ್ರ ಹೋಗಿ ಬಡಿಯೋದು ಪಕ್ಕದ ಲೇನ್‌ನವರಿಗೆ. ಅವರು ನಿಮ್ಮ ರೀಲ್‌ಗೆ ಲೈಕ್ ಒತ್ತಿರಲ್ಲ.

ನೀವೇನಂತೀರ? ಕಾಮೆಂಟಲ್ಲಿ ಜಗಳ ಆಡೋಣ.

#ಗಾಡಿಮಾತು