108 ಮಡಕೆ ಸಗಣಿ, ಲಕ್ಷ ಟನ್ ವಿಷ



1927ರ ಮಾರ್ಚ್ 20ರಂದು ಬಾಬಾಸಾಹೇಬರು ಮಹಾಡದ ಚವದಾರ್ ಕೆರೆಗಿಳಿದು ಬೊಗಸೆ ನೀರು ಕುಡಿದರು. ಕೆರೆ ಮೈಲಿಗೆಯಾಯಿತು ಅಂತ ಸವರ್ಣೀಯರು 108 ಮಡಕೆ ಪಂಚಗವ್ಯ ಸುರಿದರು. ಸಗಣಿ ಗಂಜಲ ಬಿದ್ದ ಕೂಡಲೇ ನೀರು ಶುದ್ಧ! ಮನುಷ್ಯ ಮುಟ್ಟಿದ ನೀರನ್ನು ಶುದ್ಧ ಮಾಡೋಕೆ ಈ ದೇಶಕ್ಕೆ ಎಷ್ಟು ಅವಸರ ನೋಡಿ. ಈಗ ನಿಜವಾಗಿ ಕೆಟ್ಟ ನೀರಿನ ಮಾತಾಡೋಣ.

ತಮಿಳುನಾಡಿನ ರಾಣಿಪೇಟೆಯಲ್ಲಿ ಕ್ರೋಮೇಟ್ ಕಾರ್ಖಾನೆಯೊಂದಿತ್ತು. ಟ್ಯಾನರಿಗಳಿಗೆ ಬೇಕಾದ ಕ್ರೋಮ್ ಉಪ್ಪು ಅಲ್ಲಿ ತಯಾರಾಗುತ್ತಿತ್ತು. 1995ರಲ್ಲಿ ಬೀಗ ಬಿತ್ತು. ಲಕ್ಷ ಟನ್ನಿಗೂ ಮೀರಿದ ವಿಷದ ಗಸಿ ಬಯಲಲ್ಲೇ ಗುಡ್ಡೆಯಾಗಿ ಉಳಿಯಿತು. ಮಳೆ ಬಿದ್ದಾಗಲೆಲ್ಲ ಹಳದಿ ನೀರು ನೆಲಕ್ಕಿಳಿದು ಅಂತರ್ಜಲ ಸೇರಿತು. ಲೋಕದ 10 ಅತಿ ಮಲಿನ ಜಾಗಗಳ ಪಟ್ಟಿಯನ್ನು ಬ್ಲ್ಯಾಕ್‌ಸ್ಮಿತ್ ಸಂಸ್ಥೆ 2006ರಲ್ಲಿ ಮಾಡಿದಾಗ ರಾಣಿಪೇಟೆಯೂ ಅದರಲ್ಲಿತ್ತು. ಬೀಗ ಬಿದ್ದು 25 ವರ್ಷವಾದಾಗಲೂ ಗುಡ್ಡೆ ಕರಗಿರಲಿಲ್ಲ. ಇಲ್ಲಿಗೆ ಯಾರೂ ಮಡಕೆ ಹೊತ್ತು ಓಡಿ ಬರಲಿಲ್ಲ.

ದೂರದ ಸುದ್ದಿ ಅನ್ನಬೇಡಿ. ಆ ಸೀಮೆಯ ಪಾಲಾರ್ ನದಿ ಹುಟ್ಟೋದು ನಮ್ಮ ನಂದಿ ಬೆಟ್ಟದ ಕಡೆ. ಟ್ಯಾನರಿಯ ಸುಣ್ಣದ ಗುಂಡಿಗೆ ಇಳಿಯೋ ಕಾಲು ಯಾವ ಕೇರಿಯದು ಅಂತ ನಿಮಗೆ ಹೇಳಬೇಕಾಗಿಲ್ಲ. ಮೇಲಾಗಿ 'ಚರ್ಮದೋರೇ ನೀರು ಕೆಡಿಸಿದರು' ಅನ್ನೋ ಮಾತು ಬೇರೆ! ನಮ್ಮ ಅಜ್ಜಂದಿರು ತಂಗಡಿ ಚಕ್ಕೆ ಹಾಕಿ ವಾರಗಟ್ಟಲೆ ಚರ್ಮ ಹದ ಮಾಡಿದವರು. ಒಂದೆರಡು ದಿನಕ್ಕೇ ಹದವಾಗಿ ರಫ್ತಾಗಲಿ ಅಂತ ಕ್ರೋಮ್ ತಂದವರು ದುಡ್ಡಿದ್ದವರು. 2015ರ ಜನವರಿಯಲ್ಲಿ ಅದೇ ರಾಣಿಪೇಟೆಯಲ್ಲಿ ಟ್ಯಾನರಿ ಕೆಸರಿನ ತೊಟ್ಟಿಯ ಗೋಡೆ ಕುಸಿದು 10 ಮಂದಿ ಸತ್ತರು. ಅವರಲ್ಲಿ ಒಬ್ಬ ಮಾಲೀಕನಾದರೂ ಇದ್ದನೇ?

ನೀರು ಸರಿಮಾಡೋ ದಾರಿ ಇಲ್ಲವೆ? ಇದೆ. ಬಿ.ಎಸ್ಸಿ. ಓದೋರು ಇದನ್ನು ಉಳಿದವರಿಗೆ ತಿಳಿಸಿ ಹೇಳಬೇಕು. ಕ್ರೋಮಿಯಂನಲ್ಲಿ ಎರಡು ರೂಪ ಮುಖ್ಯ. ಆರು ವೇಲೆನ್ಸಿಯದು ನೀರಲ್ಲಿ ಕರಗಿ ಬಾವಿಯಿಂದ ಬಾವಿಗೆ ನಡೆಯುತ್ತೆ, ಕ್ಯಾನ್ಸರ್ ತರುತ್ತೆ. ಮೂರು ವೇಲೆನ್ಸಿಯದು ಅಷ್ಟು ಘಾತಕವಲ್ಲ, ಮಣ್ಣಿಗಂಟಿ ಕೂರುತ್ತೆ. ಆರನ್ನು ಮೂರು ಮಾಡೋದೇ ಕೆಲಸ. ಅನ್ನಭೇದಿ, ಅಂದರೆ ಫೆರಸ್ ಸಲ್ಫೇಟ್, ಅದನ್ನು ಮಾಡುತ್ತೆ. ಮಣ್ಣಿನಲ್ಲೇ ಇರೋ ಬ್ಯಾಕ್ಟೀರಿಯಾಗಳೂ ಮಾಡುತ್ತವೆ. ಬೋರಿನ ಮೂಲಕ ಕಾಕಂಬಿ ಇಳಿಸಿದರೆ ಅವು ತಿಂದು ಬೆಳೆದು, ನೀರಿನ ಆಮ್ಲಜನಕ ಮುಗಿಸಿ, ಆಮೇಲೆ ಕ್ರೋಮಿಗೆ ಎಲೆಕ್ಟ್ರಾನ್ ಕೊಡುತ್ತವೆ. ಹೊರದೇಶಗಳಲ್ಲಿ ಈ ಎರಡು ವಿಧಾನವನ್ನೂ ಬಳಸಿದ್ದಾರೆ. ಸಕ್ಕರೆ ಕಾರ್ಖಾನೆಯ ಕಾಕಂಬಿಗೆ, ಅಂಗಡಿಯ ಅನ್ನಭೇದಿಗೆ ಈ ದೇಶದಲ್ಲಿ ಬರವೇ?

ಆದರೆ ಇಲ್ಲೊಂದು ಮೋಸವಿದೆ. ಗುಡ್ಡೆಯನ್ನು ಹಾಗೇ ಬಿಟ್ಟು 'ಬ್ಯಾಕ್ಟೀರಿಯಾ ಬಿಟ್ಟಿದ್ದೀವಿ, ಎಲ್ಲ ಸರಿಹೋಗುತ್ತೆ' ಅಂತ ಕಂಟ್ರಾಕ್ಟರ್ ಬಿಲ್ ಮಾಡಬಹುದು. ಮುಂದಿನ ಮಳೆಗೆ ವಿಷ ಮತ್ತೆ ಇಳಿಯುತ್ತೆ. ಮಣ್ಣಲ್ಲಿ ಮ್ಯಾಂಗನೀಸ್ ಇದ್ದರೆ ಕೂತ ಕ್ರೋಮು ತಿರುಗಿ ಆರಾಗಲೂಬಹುದು. ಟ್ಯಾನರಿ ಬಿಟ್ಟ ಉಪ್ಪನ್ನಂತೂ ಯಾವ ಬ್ಯಾಕ್ಟೀರಿಯಾವೂ ತಿನ್ನೋದಿಲ್ಲ. ಅದಕ್ಕೇ ಮೊದಲು ಗುಡ್ಡೆ, ಆಮೇಲೆ ನೀರು, ಅದಾದ ಮೇಲೂ ವರ್ಷಗಟ್ಟಲೆ ಪರೀಕ್ಷೆ ಅಂತೀವಿ.

ಖರ್ಚು ಯಾರದು? 1996ರ ವೆಲ್ಲೂರು ನಾಗರಿಕರ ಕೇಸಿನಲ್ಲೇ ಸುಪ್ರೀಂ ಕೋರ್ಟು ಹೇಳಿಬಿಟ್ಟಿದೆ: ಕೆಡಿಸಿದವನೇ ತೆರಬೇಕು, ನೊಂದವರಿಗೂ ಕೊಡಬೇಕು, ನೆಲ ಜಲ ಸರಿಮಾಡೋಕೂ ಕೊಡಬೇಕು. ಅದರ ಜೊತೆ ಟ್ಯಾನರಿಗೆ ತಲಾ 10,000 ರೂಪಾಯಿ ದಂಡ. (ಆ ತೀರ್ಪಿನಲ್ಲಿ ಜಿಲ್ಲೆಯ ಹೆಸರು ಉತ್ತರ ಆರ್ಕಾಟ್ ಅಂಬೇಡ್ಕರ್! ಹೆಸರು ನಮಗೆ, ನೀರು ಯಾರಿಗೋ.) ತೀರ್ಪು ಬಂದು ಮೂರು ದಶಕವಾಗುತ್ತಾ ಬಂತು. 2025ರಲ್ಲಿ ಪಾಲಾರ್ ವಿಚಾರಕ್ಕೆ ಅದೇ ಕೋರ್ಟು ಮತ್ತೆ ಆದೇಶ ಕೊಡಬೇಕಾಯಿತು.

ನಮ್ಮ ಕಡೆ ಬಾಧೆ ಬೇರೆ. ಕೋಲಾರ, ಪಾವಗಡದ ಬೋರುಗಳಲ್ಲಿ ಬಂಡೆಯಿಂದ ಬರೋ ಫ್ಲೋರೈಡ್. ಅದಕ್ಕೆ ಅನ್ನಭೇದಿ ಮದ್ದಲ್ಲ. ನಿಮ್ಮ ಹಾಸ್ಟೆಲ್ಲಿನ ಬೋರಿನಲ್ಲಿ ಏನಿದೆ? ವಾರ್ಡನ್ನರನ್ನು ಕೇಳಿ. ಪರೀಕ್ಷೆಯ ವರದಿ ನೋಟೀಸು ಬೋರ್ಡಿಗೆ ಹಚ್ಚಲಿ. ಇಲ್ಲ ಅಂದರೆ ಮಾಹಿತಿ ಹಕ್ಕಿನ ಅರ್ಜಿ ಹಾಕಿ, ಫೀಸು 10 ರೂಪಾಯಿ. ಬರೆಯೋಕೆ ಬರದವರು ಭಾನುವಾರದ ಸಭೆಗೆ ಕಾಗದ ತನ್ನಿ, ಕೂತು ಬರೆಯೋಣ.