ಹೋಗೋದು ಹತ್ರ, ಬರೋದು ದೂರ

ರಜೆಗೆ ಊರಿಗೆ ಹೋಗುವ ಟಿಕೆಟ್ ಮಾಡಿಸಿದ್ದೀರಾ? ಹಾಗಾದರೆ ಅದನ್ನು ಒಮ್ಮೆ ಮಕ್ಕಳ ಕೈಗೆ ಕೊಟ್ಟು ನೋಡಿ. ನಮ್ಮ ಟಿಕೆಟ್ಟಿನಲ್ಲಿ ಚಾಂಗಿಯಿಂದ ರಾತ್ರಿ ಎಂಟಕ್ಕೆ ಹೊರಟರೆ ಬೆಂಗಳೂರು ತಲುಪುವುದು ಹತ್ತಕ್ಕೆ. ವಾಪಸು ಬರುವಾಗ ರಾತ್ರಿ ಹನ್ನೊಂದಕ್ಕೆ ಹತ್ತಿದರೆ ಇಲ್ಲಿ ಇಳಿಯುವುದು ಬೆಳಗ್ಗೆ ಆರಕ್ಕೆ. ಏಳು ವರ್ಷದ ಮಗಳು ಬೆರಳು ಮಡಿಸಿ ಎಣಿಸಿದಳು. "ಅಮ್ಮಾ, ಬೆಂಗಳೂರಿಗೆ ಎರಡೇ ಗಂಟೆ, ಸಿಂಗಪುರಕ್ಕೆ ಏಳು ಗಂಟೆ! ಹೋಗೋದು ಹತ್ರ, ಬರೋದು ದೂರ."

ಟಿಕೆಟ್ ಹೇಳುವುದೂ ಹಾಗೆಯೇ ತಾನೆ? ಎರಡೂ ನಿಲ್ದಾಣಗಳ ನಡುವೆ ಸುಮಾರು 3,200 ಕಿ.ಮೀ. ಗಾಳಿಯ ದೆಸೆಯಿಂದ ಸ್ವಲ್ಪ ಹೆಚ್ಚುಕಮ್ಮಿಯಾದರೂ ಹೋಗಲು ಬರಲು ಹೆಚ್ಚುಕಡಿಮೆ ನಾಲ್ಕೂವರೆ ಗಂಟೆ. ಉಳಿದದ್ದು ಗಡಿಯಾರದ ಕಣ್ಣಾಮುಚ್ಚಾಲೆ. ಸಿಂಗಪುರ ಭಾರತಕ್ಕಿಂತ ಎರಡೂವರೆ ಗಂಟೆ ಮುಂದಿದೆ. ಹೋಗುವಾಗ ಕಳೆಯಬೇಕು, ಬರುವಾಗ ಕೂಡಿಸಬೇಕು.

ಇದನ್ನು ಕನ್ನಡದಲ್ಲಿ ವಿವರಿಸಲು ಹೋಗಿ ನಾನೇ ಸಿಕ್ಕಿಬಿದ್ದೆ. 'ಎರಡೂವರೆ' ಅಂದರೆ ಏನೆಂದು ಮಗಳಿಗೆ ಗೊತ್ತಿರಲಿಲ್ಲ! ಒಂದರಿಂದ ನೂರರವರೆಗೆ ಗಿಣಿಯ ಹಾಗೆ ಹೇಳುತ್ತಾಳೆ. ಆದರೆ ಕಾಲು, ಅರ್ಧ, ಮುಕ್ಕಾಲು ಬಂದಾಗಲೆಲ್ಲ ಮನೆಯಲ್ಲಿ ನಾವೇ ಇಂಗ್ಲಿಷಿಗೆ ಜಾರಿಬಿಡುತ್ತೇವೆ. ನಿಮ್ಮ ಮನೆಯಲ್ಲೂ ಕೇಳಿ ನೋಡಿ. ಕೊನೆಗೆ ದೋಸೆಯನ್ನು ನಾಲ್ಕು ತುಂಡು ಮಾಡಿ ಒಂದನ್ನು ತಿನ್ನಿಸಿ, ಉಳಿದದ್ದು ಮುಕ್ಕಾಲು ಎಂದು ತೋರಿಸಿದೆ. "ದೋಸೆಗೆ ಮೂರು ಕಾಲಾ?" ಎಂದು ಬಿದ್ದು ಬಿದ್ದು ನಕ್ಕಳು. ಮತ್ತೆ ಮರೆತಿಲ್ಲ.

ಆ ಎರಡೂವರೆ ಗಂಟೆ ನಮಗೆ ದುಬಾರಿಯಾಗಿತ್ತು. ಮೈಸೂರಿನಲ್ಲಿ ಅಜ್ಜಿ ದೀಪ ಹಚ್ಚಿ, ಊಟ ಮುಗಿಸಿ, ಎಂಟೂವರೆಗೆ ಫೋನ್ ಮಾಡಿದರೆ ಇಲ್ಲಿ ಹನ್ನೊಂದು. "ಮಲಗಿಬಿಟ್ಟಳೇನೇ?" ಎಂದು ಕೇಳಿ ಇಟ್ಟುಬಿಡುತ್ತಿದ್ದರು. ಎರಡು ತಿಂಗಳು ಹೀಗೇ ನಡೆಯಿತು. ಅಷ್ಟರಲ್ಲಿ ಮಗಳು ನನ್ನ ಕನ್ನಡಕ್ಕೂ ಇಂಗ್ಲಿಷಿನಲ್ಲೇ ಉತ್ತರ ಕೊಡತೊಡಗಿದ್ದಳು. ಅಜ್ಜಿಯೊಬ್ಬರ ಹತ್ತಿರ ಮಾತ್ರ ಅವಳಿಗೆ ಕನ್ನಡ ಬಿಟ್ಟು ಬೇರೆ ದಾರಿಯಿರಲಿಲ್ಲ, ನೋಡಿ.

ಈಗ ಇಲ್ಲಿ ಸಂಜೆ ಏಳೂವರೆಗೆ, ಅಂದರೆ ಅಲ್ಲಿ ಐದಕ್ಕೆ, ಅಜ್ಜಿ ಕಾಫಿ ಲೋಟ ಹಿಡಿದು ಕೂರುವ ಹೊತ್ತಿಗೆ ಸರಿಯಾಗಿ ಫೋನ್ ಮಾಡುತ್ತೇವೆ. ಊರಿನ ಸಮಯಕ್ಕೆ ಇನ್ನೊಂದು ಗಡಿಯಾರ ತೂಗುಹಾಕಿ ಎಂದು ಹಲವರು ಹೇಳುತ್ತಾರೆ. ನಾನಂತೂ ಬೇಡ ಅನ್ನುತ್ತೇನೆ. ಇರುವ ಗಡಿಯಾರ ನೋಡಿ ಮಗುವೇ ಕನ್ನಡದಲ್ಲಿ ಕಳೆಯಲಿ.

ಅಂದ ಹಾಗೆ, ಈ ಅರ್ಧದ ರಗಳೆ ಮೊದಲಿರಲಿಲ್ಲ. ಆಗ ವ್ಯತ್ಯಾಸ ಸರಿಯಾಗಿ ಎರಡು ಗಂಟೆ. ಮಲೇಷ್ಯಾ ಗಡಿಯಾರ ಬದಲಿಸಿತೆಂದು 1982ರ ಜನವರಿ 1ರಿಂದ ಸಿಂಗಪುರವೂ ಅರ್ಧ ಗಂಟೆ ಮುಂದಕ್ಕೆ ಜರುಗಿತು. ನಮ್ಮ ಮಕ್ಕಳು ಕತ್ತಲಲ್ಲೇ ಶಾಲೆಗೆ ಹೊರಡುವುದರಲ್ಲಿ ಅದರ ಪಾಲೂ ಇದೆ.

ಮೊನ್ನೆ ಅಜ್ಜಿ, "ಇಲ್ಲಿಗೆ ಬರೋಕೆ ಎಷ್ಟು ಹೊತ್ತಾಗುತ್ತೆ ಪುಟ್ಟೀ?" ಎಂದರು. ದೇವನಹಳ್ಳಿಯಲ್ಲಿ ಇಳಿದ ಮೇಲೆ ಮೈಸೂರಿಗೆ ಫ್ಲೈಬಸ್ ಹಿಡಿಯಬೇಕೆಂದು ಮಗಳಿಗೆ ಗೊತ್ತು.

"ವಿಮಾನದಲ್ಲಿ ನಾಲ್ಕೂವರೆ, ಬಸ್ಸಲ್ಲಿ ನಾಲ್ಕೂಕಾಲು."

"ಅಯ್ಯೋ, ದೇವನಹಳ್ಳೀನೂ ಸಿಂಗಪುರದಷ್ಟೇ ದೂರ ಅನ್ನು!"