ಬದುಕಿರೋ ಪಂಚಾಂಗಕ್ಕೆ ತಿಥಿ ಯಾಕೆ?

ಮಾಯಾ ಜ್ಯೋತಿಷ್ಯಕ್ಕೆ ಮರುಜೀವ ಕೊಡ್ತೀವಿ ಅನ್ನೋರನ್ನ ಕಂಡ್ರೆ ನನಗೆ ಸಿಟ್ಟು ಬರುತ್ತೆ. ಸತ್ತಿದ್ದರೆ ತಾನೇ ಜೀವ ಕೊಡೋದು? 1562ರಲ್ಲಿ ಯುಕಟಾನಿನ ಮಾನಿ ಊರಲ್ಲಿ ಪಾದ್ರಿ ಡಿಯೆಗೊ ಡಿ ಲಾಂಡಾ ಮಾಯಾ ಹೊತ್ತಗೆಗಳನ್ನು ಸುಡಿಸಿದ, ನಿಜ. ಆದರೆ ಗ್ವಾಟೆಮಾಲಾದ ಮೊಮೊಸ್ತೆನಾಂಗೊದಲ್ಲಿ ಕಿಚೆ ಜನರ ‘ಅಹ್‌ಕಿಹ್’ಗಳು, ಅಂದರೆ ದಿನ ಎಣಿಸುವವರು, 20 ಹೆಸರು, 13 ಅಂಕಿಗಳ 260 ದಿನದ ಲೆಕ್ಕವನ್ನು ಇವತ್ತಿಗೂ ಇಟ್ಟಿದ್ದಾರೆ. ಒಂದು ದಿನವನ್ನೂ ಬಿಡದೆ ಎಣಿಸೋದೇ ಅದರ ಜೀವಾಳ.

ಅಮೆರಿಕದ ಹೋಸೆ ಅರ್ಗ್ವೆಯೆಸ್ ಕಟ್ಟಿದ ‘ಡ್ರೀಮ್‌ಸ್ಪೆಲ್’ ಫೆಬ್ರವರಿ 29ನ್ನು ಲೆಕ್ಕಕ್ಕೇ ಹಿಡಿಯಲ್ಲ! ಅದು ಕೊಡೋ ಜನ್ಮದಿನ ಕಿಚೆಯವರ ಲೆಕ್ಕಕ್ಕೆ ತಾಳೆಯಾಗಲ್ಲ. ಹೊಸ ಆಟ ಬೇಕಾದರೆ ಕಟ್ಟಿಕೊಳ್ಳಿ, ಮಾಯಾ ಹೆಸರು ಯಾಕೆ?

ಭವಿಷ್ಯ ನಿಜವೋ ಸುಳ್ಳೋ ಅನ್ನೋದು ಬೇರೆ ಜಗಳ. ಲೆಕ್ಕ ಕಲಿಯಬೇಕಾ? ಎಣಿಸುತ್ತಿರುವವರನ್ನೇ ಕೇಳಿ.